ಶಾಲು ಹೊದಿಸುವ ಮೊದಲು: ಸಭೆಯ ಸೇವಕರು ಕೆಲಸ ಬಿಟ್ಟು ಹೊರಟಾಗ ಏನೇನು ಮಾಡಬೇಕು

ನಮ್ಮ ಚರ್ಚಿನಲ್ಲಿ 22 ವರ್ಷ ಗಂಟೆ ಬಾರಿಸಿದ ಒಬ್ಬರಿದ್ದರು. ಬೆಂಚು ಒರೆಸುವುದು, ಬಲಿಪೀಠದ ಬಟ್ಟೆ ಬದಲಾಯಿಸುವುದು, ಮಳೆಗಾಲದಲ್ಲಿ ಸೋರುವ ಕಡೆ ಬಕೆಟ್ ಇಡುವುದು, ಯಾರಾದರೂ ತೀರಿಕೊಂಡರೆ ಗುಂಡಿ ತೋಡಿಸುವುದು, ಎಲ್ಲ ಅವರದೇ. ಮಕ್ಕಳ ಬಾಯಲ್ಲಿ ಅವರು ಗಂಟೆ ತಾತ. 2016ರಲ್ಲಿ ಮಂಡಿನೋವು ಜಾಸ್ತಿಯಾಗಿ ಕೆಲಸ ಬಿಟ್ಟರು. ಆರಾಧನೆ ಮುಗಿದ ಮೇಲೆ ಮುಂದೆ ಕರೆದು ಶಾಲು ಹೊದಿಸಿದೆವು, ಹಾರ ಹಾಕಿದೆವು, ಒಂದು ಗೋಡೆ ಗಡಿಯಾರ ಕೊಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೊ ತೆಗೆಸಿಕೊಂಡೆವು.

ಐದು ತಿಂಗಳಾದ ಮೇಲೆ ಒಂದು ಶನಿವಾರ ಸಂಜೆ ಅವರು ವೆಸ್ಟ್ರಿ (ಚರ್ಚಿನ ಆಫೀಸ್ ಕೋಣೆ) ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸಿಲ ಆಚೆಯೇ ನಿಂತು, "ಸಾರ್, ನಂಗೆ ಏನಾದ್ರೂ ಬರೋದಿದ್ಯಾ? ಇದ್ರೆ ಹೇಳಿ. ಇಲ್ಲ ಅಂದ್ರೆ ಪರವಾಗಿಲ್ಲ" ಅಂದರು. ಆಗ ನಾನು ಚರ್ಚು ನಡೆಸುವ ಕಮಿಟಿಯ ಕಾರ್ಯದರ್ಶಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನಮ್ಮ ಯಾವ ಮೀಟಿಂಗ್‌ನಲ್ಲೂ ಬಂದೇ ಇರಲಿಲ್ಲ. ಹೊಸ ಕೆಲಸಗಾರರನ್ನು ಹುಡುಕುವ ಬಗ್ಗೆ ಮೂರು ಮೀಟಿಂಗ್ ಮಾಡಿದ್ದೆವು. ಹೋದವರ ಬಗ್ಗೆ ಅರ್ಧ ಗಂಟೆಯೂ ಮಾತಾಡಿರಲಿಲ್ಲ.

ಆವತ್ತಿನಿಂದ ಯಾರೇ ಹೊರಟರೂ ನಾನು ಒಂದೇ ಹಟ ಹಿಡಿಯುತ್ತೇನೆ. ಶಾಲು ಕೊನೆಗೆ. ಅದಕ್ಕೆ ಮೊದಲು ಮಾಡುವ ಕೆಲಸ ಬೇಕಾದಷ್ಟಿದೆ. ಸಭಾಪಾಲಕರು, ಬೋಧಕರು, ಆಫೀಸ್ ಕ್ಲರ್ಕ್, ಆರ್ಗನ್ ನುಡಿಸುವವರು, ಯುವಜನರ ಸೇವೆ ನೋಡಿಕೊಳ್ಳುವವರು, ಕಾವಲಿನವರು, ಯಾರು ಹೋದರೂ ಕ್ರಮ ಹೆಚ್ಚುಕಡಿಮೆ ಒಂದೇ. ಕಮಿಟಿಯಲ್ಲಿರುವ ನಿಮಗೆ ಉಪಯೋಗವಾಗಲಿ ಎಂದು ಅದನ್ನು ಇಲ್ಲಿ ಬರೆದಿದ್ದೇನೆ.

ಸುದ್ದಿ ಕಿವಿಗೆ ಬಿದ್ದ ದಿನ

"ನಾನು ಬಿಡ್ಬೇಕು ಅಂತಿದೀನಿ" ಎಂದು ಯಾರಾದರೂ ಹೇಳಿದರೆ, ಮೊದಲು ಕೂತು ಕೇಳಿ. ಕಾರಿಡಾರ್‌ನಲ್ಲಿ ನಿಂತುಕೊಂಡು ಅಲ್ಲ, ಬಾಗಿಲು ಹಾಕಿಕೊಂಡು, ಕಾಫಿ ತರಿಸಿಕೊಂಡು. "ನಾವೇನು ಕಡಿಮೆ ಮಾಡಿದ್ವಿ?" ಎಂದು ವಾದಕ್ಕೆ ಇಳಿಯಬೇಡಿ. "ದೇವರ ಕೆಲಸ ಅರ್ಧಕ್ಕೆ ಬಿಟ್ಟು ಹೋಗ್ತೀರಾ?" ಎನ್ನುವ ಮಾತಂತೂ ಬೇಡವೇ ಬೇಡ. ಹೋಗುವ ತೀರ್ಮಾನಕ್ಕೆ ಬರುವಷ್ಟರಲ್ಲಿ ಅವರು ಎಷ್ಟೋ ರಾತ್ರಿ ನಿದ್ದೆ ಕೆಟ್ಟಿರುತ್ತಾರೆ. ಆ ಮಾತು ಅವರ ಎದೆಯಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಆ ಮೊದಲ ಮಾತಿನಲ್ಲಿ ನಿಮಗೆ ಗೊತ್ತಾಗಬೇಕಾದದ್ದು ಇಷ್ಟೇ. ಯಾವ ದಿನಾಂಕದವರೆಗೆ ಇರುತ್ತಾರೆ, ಈಗಾಗಲೇ ಯಾರಿಗೆ ಹೇಳಿದ್ದಾರೆ, ಹೋಗಲು ಕಾರಣ ಏನು, ಆ ಕಾರಣದಲ್ಲಿ ಸಭೆಗೆ, ಅಂದರೆ ಚರ್ಚಿಗೆ ಸೇರಿದ ಜನರಿಗೆ, ಎಷ್ಟು ಹೇಳಬಹುದು. ತಾಯಿಗೆ ಕಾಯಿಲೆ ಎಂದು ಹೋಗುವವರು ಅದನ್ನು ಇಡೀ ಸಭೆಗೆ ಹೇಳಲು ಇಷ್ಟಪಡದೇ ಇರಬಹುದು. ಸಂಬಳ ಸಾಲದೆ ಹೋಗುವವರಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ ಇರಬಹುದು. ಕೇಳಿ ತಿಳಿದುಕೊಳ್ಳಿ, ಊಹೆ ಮಾಡಬೇಡಿ.

ಒಂದು ಪ್ರಶ್ನೆಯನ್ನು ಒಂದೇ ಒಂದು ಸಲ ಕೇಳಬಹುದು. "ಎರಡು ತಿಂಗಳು ರಜೆ ಸಿಕ್ಕಿದರೆ ಯೋಚನೆ ಬದಲಾಗುತ್ತಾ?" ಸುಸ್ತಾಗಿ ಬಿಡುವವರೂ ಇರುತ್ತಾರೆ. ವಾರಕ್ಕೆ ಒಂದು ದಿನವೂ ರಜೆ ಇಲ್ಲದೆ, ಭಾನುವಾರ ಮೂರು ಆರಾಧನೆ, ವಾರವಿಡೀ ಮನೆಪ್ರಾರ್ಥನೆ, ನಡುರಾತ್ರಿ ಆಸ್ಪತ್ರೆ ಎಂದು ಓಡಾಡಿದವರಿಗೆ ಬೇಕಾಗಿದ್ದು ಬರೀ ನಿದ್ದೆ ಆಗಿರಬಹುದು. "ಇಲ್ಲ" ಅಂದರೆ ಅಲ್ಲಿಗೆ ಬಿಡಿ. ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕಳಿಸಿ ಒತ್ತಾಯ ಮಾಡಿಸಬೇಡಿ.

ಆಮೇಲೆ ದಿನಾಂಕ ಹಾಕಿದ ಪತ್ರ ಒಂದನ್ನು ಬರೆಸಿಕೊಳ್ಳಿ. ಎರಡು ಸಾಲು ಸಾಕು. ಬಾಯಿಮಾತಿನ ರಾಜೀನಾಮೆಯನ್ನು ಒಪ್ಪಿಕೊಂಡು ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ", "ನೀವು ಹೇಳಿದ್ರಿ" ಎಂದು ಎರಡು ಮನೆ ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಒಪ್ಪಿಕೊಳ್ಳುವ ಅಧಿಕಾರ ಯಾರದು?

ಇದನ್ನು ಮರೆತು ಎಡವಿದ ಕಮಿಟಿಗಳು ಬೇಕಾದಷ್ಟಿವೆ. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಅಯ್ಯನವರು, ಅಂದರೆ ಸಭಾಪಾಲಕರು, ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸಭೆಗಳ ಗುಂಪು) ಸೇವಕರು. ಧಾರವಾಡ ಕೇಂದ್ರವಾಗಿರುವ ಉತ್ತರ ಪ್ರಾಂತ್ಯವಾಗಲಿ, ಬೆಂಗಳೂರಿನ ಮಧ್ಯ ಪ್ರಾಂತ್ಯವಾಗಲಿ, ಮಂಗಳೂರಿನ ದಕ್ಷಿಣ ಪ್ರಾಂತ್ಯವಾಗಲಿ, ವರ್ಗಾವಣೆಯೂ ರಾಜೀನಾಮೆಯೂ ಅಲ್ಲಿಯೇ ತೀರ್ಮಾನವಾಗಬೇಕು. ಊರಿನ ಕಮಿಟಿ ಅದನ್ನು ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಮೆಥೊಡಿಸ್ಟ್ ಸಭೆಗಳಲ್ಲಿ ಬಿಷಪ್ಪರು ವಾರ್ಷಿಕ ಸಮ್ಮೇಳನದಲ್ಲಿ ನೇಮಕದ ಪಟ್ಟಿ ಓದುತ್ತಾರೆ. ಕಥೋಲಿಕರಲ್ಲಿ ಧರ್ಮಕೇಂದ್ರದ ಗುರುಗಳು ಬಿಷಪ್ಪರಿಗೆ ರಾಜೀನಾಮೆ ಕೊಡಬೇಕು. 75 ವರ್ಷ ತುಂಬಿದಾಗ ಹಾಗೆ ಕೊಡುವಂತೆ 1983ರ ಧರ್ಮಸಭೆಯ ಕಾನೂನು ಸಂಹಿತೆಯೇ ಕೇಳಿಕೊಳ್ಳುತ್ತದೆ. ಸ್ವತಂತ್ರ ಸಭೆಗಳಲ್ಲಿ ಟ್ರಸ್ಟ್ ಡೀಡ್ (ಟ್ರಸ್ಟ್ ಸ್ಥಾಪಿಸಿದ ಪತ್ರ) ಅಥವಾ ಸಂಘದ ಬೈಲಾ (ನಿಯಮಾವಳಿ) ತೆಗೆದು ಓದಿ. ಅದರಲ್ಲಿ ಏನೂ ಬರೆದಿಲ್ಲದಿದ್ದರೆ, ಈ ಗಲಾಟೆ ಮುಗಿದ ಮೇಲೆ ಬರೆಯಿರಿ.

ಕ್ಲರ್ಕ್, ಕಾವಲಿನವರು, ಆರ್ಗನ್ ನುಡಿಸುವವರು, ಗಂಟೆ ಬಾರಿಸುವವರು, ಇವರನ್ನು ಸಾಮಾನ್ಯವಾಗಿ ಊರಿನ ಕಮಿಟಿಯೇ ನೇಮಿಸಿರುತ್ತದೆ. ಇವರ ವಿಷಯದಲ್ಲಿ ಪೂರ್ತಿ ಹೊಣೆ ನಿಮ್ಮದೇ. ಅನ್ಯಾಯ ಹೆಚ್ಚು ಆಗುವುದೂ ಇವರಿಗೇ. ಅಯ್ಯನವರ ಪರವಾಗಿ ಕೇಳಲು ಮೇಲೊಂದು ಆಫೀಸ್ ಇದೆ. ಇವರ ಪರವಾಗಿ ಯಾರೂ ಇಲ್ಲ.

ಹೇಳುವ ಸರದಿ

ಸುದ್ದಿ ಹೇಳಲು ಒಂದು ಸರದಿ ಇದೆ. ಮೊದಲು ಕಮಿಟಿಯ ಪದಾಧಿಕಾರಿಗಳು. ಆಮೇಲೆ ಅವರ ಜೊತೆ ಕೆಲಸ ಮಾಡುವವರು. ಆಮೇಲೆ ಆ ಸೇವೆಗೆ ಹತ್ತಿರವಾದವರು, ಅಂದರೆ ಯುವಜನರ ನಾಯಕ ಹೋಗುವುದಾದರೆ ಯುವಜನರು, ಸಂಡೇ ಸ್ಕೂಲ್ ಟೀಚರ್ ಹೋಗುವುದಾದರೆ ಮಕ್ಕಳ ತಂದೆತಾಯಿ. ಕೊನೆಗೆ ಭಾನುವಾರ ಇಡೀ ಸಭೆ. ಇದೆಲ್ಲ ಒಂದು ವಾರದೊಳಗೆ ಮುಗಿಯಬೇಕು. ಎಳೆದರೆ ಸ್ತ್ರೀ ಸೇವಾ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿಮಗಿಂತ ಮೊದಲು ಬಂದಿರುತ್ತದೆ, ಅದೂ ಬೇರೆಯೇ ಕಾರಣದೊಂದಿಗೆ.

ಭಾನುವಾರ ಓದುವ ಪ್ರಕಟಣೆಯನ್ನು ಹೊರಡುವವರ ಜೊತೆ ಕೂತು ಬರೆಯಿರಿ. ಅವರು ಒಪ್ಪದ ಒಂದು ಪದವೂ ಅದರಲ್ಲಿ ಇರಬಾರದು. ನಿಜವಲ್ಲದ ಒಂದು ಪದವೂ ಇರಬಾರದು. ಉದಾಹರಣೆಗೆ ಹೀಗೆ ಬರೆಯಬಹುದು:

"ನಮ್ಮ ಸಭೆಯಲ್ಲಿ ಆರು ವರ್ಷ ಯುವಜನರ ಸೇವೆ ನೋಡಿಕೊಂಡ ನಮ್ಮ ಸಹೋದರರು ಮೇ 31ರಂದು ಈ ಕೆಲಸದಿಂದ ಬಿಡುಗಡೆ ಹೊಂದುತ್ತಾರೆ. ಕುಟುಂಬದ ಅಗತ್ಯಕ್ಕಾಗಿ ಬೇರೆ ಕೆಲಸಕ್ಕೆ ಸೇರುತ್ತಿದ್ದಾರೆ. ಜೂನ್ ತಿಂಗಳಿಂದ ಶನಿವಾರದ ಯುವಜನರ ಕೂಟವನ್ನು ಕಮಿಟಿಯ ಇಬ್ಬರು ಸದಸ್ಯರು ನಡೆಸುತ್ತಾರೆ. ಪ್ರಶ್ನೆ ಇದ್ದವರು ಆರಾಧನೆಯ ನಂತರ ಕಾರ್ಯದರ್ಶಿಯವರನ್ನು ಕಾಣಬಹುದು."

ಯಾರು, ಯಾವಾಗ, ಯಾಕೆ, ಮುಂದೇನು. ಇಷ್ಟಿದ್ದರೆ ಸಾಕು. "ದೇವರ ಚಿತ್ತದಂತೆ" ಎಂದು ಮಾತ್ರ ಹೇಳಿ ಕೂತುಬಿಟ್ಟರೆ ಜನ ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ದೇವರ ಚಿತ್ತ ಎನ್ನುವುದು ದೊಡ್ಡ ಮಾತು. ನಮ್ಮ ಬಾಯಿ ಮುಚ್ಚಿಕೊಳ್ಳಲು ಅದನ್ನು ಬಳಸಬಾರದು.

ಕೊನೆಯ ದಿನಾಂಕ ಗೊತ್ತು ಮಾಡುವಾಗ ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಮುಂಚಿನ ಪವಿತ್ರ ವಾರವನ್ನು ತಪ್ಪಿಸಿ. ಮಕ್ಕಳಿರುವ ಕುಟುಂಬವಾದರೆ ಶಾಲೆಯ ವರ್ಷ ಮುಗಿಯಲಿ. ಪ್ರಕಟಣೆಗೂ ಹೊರಡುವ ದಿನಕ್ಕೂ ನಡುವೆ ನಾಲ್ಕರಿಂದ ಎಂಟು ವಾರ ಇದ್ದರೆ ಒಳ್ಳೆಯದು. ಆರು ತಿಂಗಳು ಎಳೆದರೆ ಅವರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎನ್ನುವಂತಾಗುತ್ತದೆ.

ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಸಭೆಗಳು ಜಾಸ್ತಿ ತಪ್ಪುವುದು ಇಲ್ಲೇ.

ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬಾರದು ಎಂದು ಬೈಬಲಿನ ಯಾಜಕಕಾಂಡ 19:13 ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಾಕೋಬ 5:4 ಹೇಳುತ್ತದೆ. ಇದನ್ನು ನಾವು ಪೀಠದಿಂದ ಓದುತ್ತೇವೆ. ನಮ್ಮ ವೆಸ್ಟ್ರಿಯ ಬೀರುವಿಗೂ ಇದು ಅನ್ವಯಿಸುತ್ತದೆ ಎನ್ನುವುದು ಮರೆತುಹೋಗುತ್ತದೆ, ಅಲ್ವಾ?

ಖಜಾಂಚಿಯವರು ಒಂದು ಹಾಳೆಯಲ್ಲಿ ಇವನ್ನು ಬರೆಯಲಿ: ಕೊನೆಯ ತಿಂಗಳ ಸಂಬಳ, ಉಳಿದ ರಜೆಗೆ ಹಣ ಕೊಡುವ ಪದ್ಧತಿ ಇದ್ದರೆ ಅದು, ಕೈಯಿಂದ ಖರ್ಚು ಮಾಡಿ ಇನ್ನೂ ವಾಪಸ್ ಸಿಗದ ಬಿಲ್ಲುಗಳು, ಸಭೆಯಿಂದ ಪಡೆದ ಸಾಲ ಅಥವಾ ಮುಂಗಡ, ಭವಿಷ್ಯನಿಧಿ (ಪಿಎಫ್), ಗ್ರ್ಯಾಚುಟಿ (ವರ್ಷಗಟ್ಟಲೆ ದುಡಿದವರು ಹೊರಡುವಾಗ ಕೊಡುವ ಇಡಿಗಂಟು). 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಅದನ್ನೇ ನಿಮ್ಮ ಅಳತೆಯಾಗಿ ಇಟ್ಟುಕೊಳ್ಳಿ.

ಭವಿಷ್ಯನಿಧಿ ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಶಾಲೆ, ಹಾಸ್ಟೆಲ್ ನಡೆಸುವ ಸಭೆಗಳಲ್ಲಿ ಇದು ಇರುತ್ತದೆ. ಇದ್ದರೆ ಅವರ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಿ. ಒಂದು ನಿಮಿಷದ ಕೆಲಸ. ಅದನ್ನು ಮಾಡದೇ ಹೋದರೆ ಅವರ ಹಣ ಕೈಸೇರುವುದು ತಡವಾಗಬಹುದು, ಅವರು ನಿಮಗೆ ಫೋನ್ ಮಾಡುತ್ತಲೇ ಇರಬೇಕಾಗಬಹುದು.

ಗ್ರ್ಯಾಚುಟಿಗೆ 1972ರಲ್ಲೇ ಕಾಯ್ದೆ ಬಂದಿತ್ತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಮೂಲ ಲೆಕ್ಕ ಹಾಗೇ ಇದೆ. 10 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ಕಾಯಂ ಕೆಲಸದಲ್ಲಿ 5 ವರ್ಷ ಸತತವಾಗಿ ಇದ್ದವರಿಗೆ, ವರ್ಷಕ್ಕೆ 15 ದಿನದ ವೇತನ. ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. 30 ದಿನದೊಳಗೆ ಕೊಡಬೇಕು. ನಿಮ್ಮ ಸಭೆ ಇದರ ಅಡಿಗೆ ಬರುತ್ತದೋ ಇಲ್ಲವೋ ಎಂದು ನಿಮ್ಮ ಆಡಿಟರ್ ಹತ್ತಿರ ಕೇಳಿ.

ನಮ್ಮ ಸಭೆ ಬರುತ್ತಿರಲಿಲ್ಲ. ನಮ್ಮಲ್ಲಿದ್ದದ್ದು ನಾಲ್ಕೇ ಜನ. ಆದರೂ ಗಂಟೆ ತಾತನ ಲೆಕ್ಕವನ್ನು ಇದೇ ಅಳತೆಯಲ್ಲಿ ಹಾಕಿದೆವು. ಕೊನೆಯ ಸಂಬಳ ತಿಂಗಳಿಗೆ 7,800 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 300. 15 ದಿನಕ್ಕೆ 4,500. 22 ವರ್ಷಕ್ಕೆ 99,000 ರೂಪಾಯಿ. ಕಮಿಟಿಯಲ್ಲಿ ಒಬ್ಬರು, "ಕಾನೂನಿಲ್ಲದ ಮೇಲೆ ಯಾಕೆ?" ಅಂದರು. ಇನ್ನೊಬ್ಬ ಹಿರಿಯರು, "ನಮ್ಮ ಅಪ್ಪನ ಗುಂಡಿ ತೋಡ್ಸಿದ್ದು ಅವರೇ. ಆವತ್ತು ಧೋ ಅಂತ ಮಳೆ" ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಆ ವರ್ಷದ ಸುಗ್ಗಿ ಹಬ್ಬದ ಹರಾಜಿನ ಹಣದಿಂದ ಅರ್ಧ ಕೊಟ್ಟೆವು. ಉಳಿದರ್ಧ ಕ್ರಿಸ್ಮಸ್ ಹೊತ್ತಿಗೆ ಕೊಟ್ಟೆವು.

ಅವರು ಸೇರಿದ ವರ್ಷ ಯಾವುದು ಎಂದು ತಿಳಿಯಲೂ ಒದ್ದಾಡಿದೆವು. ನೇಮಕದ ಪತ್ರವೇ ಇರಲಿಲ್ಲ. "ಛಾವಣಿಗೆ ಹೊಸ ಹೆಂಚು ಹಾಕಿದ್ರಲ್ಲ, ಆ ವರ್ಷ" ಎಂದು ಅವರು ಹೇಳಿದರು. ಹಳೆಯ ಮೀಟಿಂಗ್ ಪುಸ್ತಕ ತಿರುವಿದಾಗ 1994ರ ಒಂದು ಪುಟದಲ್ಲಿ ಮಂಗಳೂರು ಹೆಂಚಿನ ಖರ್ಚು ಸಿಕ್ಕಿತು. ಅದೇ ಪುಟದ ಕೆಳಗೆ, ಒಂದೇ ಸಾಲಿನಲ್ಲಿ, ಅವರ ನೇಮಕವೂ ಇತ್ತು.

ಹಾಗಾಗಿ ಎರಡು ಕೆಲಸ ಈಗಲೇ ಮಾಡಿಡಿ. ಈಗ ಇರುವ ಪ್ರತಿಯೊಬ್ಬರಿಗೂ ಸೇರಿದ ದಿನಾಂಕ, ಸಂಬಳ, ರಜೆ ಬರೆದ ನೇಮಕ ಪತ್ರ ಕೊಡಿ. ಪ್ರತಿ ವರ್ಷ ಪ್ರತಿಯೊಬ್ಬರ ಅರ್ಧ ತಿಂಗಳ ಸಂಬಳವನ್ನು ಬೇರೆ ಖಾತೆಗೆ ಹಾಕಿ, ಅದನ್ನು ಮುಟ್ಟಬೇಡಿ. ಪೇಂಟಿಂಗ್‌ಗೂ ಇಲ್ಲ, ಹೊಸ ಮೈಕ್ ಸೆಟ್‌ಗೂ ಇಲ್ಲ.

ಮನೆ ಖಾಲಿ ಮಾಡುವಾಗ

ಸಭೆಯ ಮನೆಯಲ್ಲಿ ಇರುವವರಿಗೆ ಕೆಲಸ ಹೋದರೆ ಮನೆಯೂ ಹೋಗುತ್ತದೆ. ಎರಡೂ ಒಂದೇ ದಿನ. ಅದನ್ನು ನೆನಪಿಟ್ಟುಕೊಂಡು ದಿನಾಂಕವನ್ನು ಬರಹದಲ್ಲಿ ಕೊಡಿ. ಹೊಸಬರು ಬರುವ ಮೊದಲು ಸುಣ್ಣಬಣ್ಣಕ್ಕೆ ಎರಡು ವಾರ ಸಾಕು. ಹಳಬರು ಸಾಮಾನು ಕಟ್ಟುತ್ತಿರುವಾಗ ಅಳತೆ ತೆಗೆಯಲು ಪೇಂಟರ್‌ನನ್ನು ಕಳಿಸಬೇಡಿ. ಕರೆಂಟ್ ಬಿಲ್, ನೀರಿನ ಬಿಲ್, ಗ್ಯಾಸ್ ಯಾರ ಹೆಸರಲ್ಲಿದೆ ನೋಡಿ. ಯಾವ ಮಂಚ, ಯಾವ ಬೀರು ಸಭೆಯದು ಎನ್ನುವ ಪಟ್ಟಿಯನ್ನು ಅವರೊಂದಿಗೇ ಕೂತು ಮಾಡಿ. ಅವರು ಹೋದ ಮೇಲೆ ಎಣಿಸಬೇಡಿ. ಲಾರಿ ಖರ್ಚನ್ನು ಸಭೆಯೇ ಕೊಡಲಿ.

ಸೇವೆಯಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೆ ಬೇರೆಯೇ ನಿಯಮ ಬೇಕು. ನಲವತ್ತು ದಿನವಾಗುವ ಮೊದಲು ಮನೆಯ ಮಾತನ್ನೇ ಎತ್ತಬೇಡಿ. ಮಕ್ಕಳ ಪರೀಕ್ಷೆ ಇದ್ದರೆ ಅದು ಮುಗಿಯುವವರೆಗೆ ಅಮ್ಮನವರು, ಅಂದರೆ ಅಯ್ಯನವರ ಹೆಂಡತಿ, ಅಲ್ಲಿಯೇ ಇರಲಿ. ಹೊಸ ಅಯ್ಯನವರಿಗೆ ಆರು ತಿಂಗಳು ಬಾಡಿಗೆ ಮನೆ ಹಿಡಿದರೆ ಸಭೆ ಮುಳುಗುವುದಿಲ್ಲ.

ಕೀಲಿ, ರಿಜಿಸ್ಟರ್, ಪಾಸ್‌ವರ್ಡ್

ಒಪ್ಪಿಸುವುದಕ್ಕೆ ಒಂದು ದಿನ ಗೊತ್ತು ಮಾಡಿ. ಇಬ್ಬರು ಸಾಕ್ಷಿಗಳಿರಲಿ. ಒಂದೊಂದನ್ನೂ ನೋಡಿ, ಎಣಿಸಿ, ಬರೆದು, ಎರಡು ಕಡೆಯವರೂ ಸಹಿ ಹಾಕಿ. ಇದು ಅಪನಂಬಿಕೆ ಅಲ್ಲ. ಹೋಗುವವರನ್ನು ಕಾಪಾಡುವ ಕಾಗದ ಇದು. ಎರಡು ವರ್ಷ ಬಿಟ್ಟು ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಬೆಳ್ಳಿ ಬಟ್ಟಲು ಕಾಣದೇ ಹೋದರೆ, ಯಾರ ಹೆಸರು ಬರುತ್ತದೆ ಎಂದು ನಿಮಗೇ ಗೊತ್ತು.

ದೀಕ್ಷಾಸ್ನಾನ, ದೃಢೀಕರಣ (ದೊಡ್ಡವರಾದ ಮೇಲೆ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ), ಮದುವೆ, ಸಮಾಧಿ ಈ ನಾಲ್ಕು ರಿಜಿಸ್ಟರ್‌ಗಳಲ್ಲಿ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ದಿನಾಂಕ ಹಾಕಿ. ಸಹಿ ಬಾಕಿ ಇರುವ ಪುಟಗಳಿದ್ದರೆ ಅವರು ಹೋಗುವ ಮೊದಲೇ ಸಹಿ ಮಾಡಿಸಿ. ಯಾವುದ್ಯಾವುದೋ ಕೆಲಸಕ್ಕೆ ಹಳೆಯ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿಕೊಂಡು ದೂರದೂರಿಂದ ಜನ ಬರುತ್ತಾರೆ. ಸಹಿ ಇಲ್ಲದ ಒಂದು ಪುಟ ಅವರನ್ನು ತಿಂಗಳುಗಟ್ಟಲೆ ಅಲೆಸುತ್ತದೆ.

ಮದುವೆ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಮದುವೆ ಮಾಡಿಸುವಂತಿಲ್ಲ. ಬಿಷಪ್ಪರಿಂದ ಅಭಿಷೇಕ ಪಡೆದವರಿಗೆ ಆ ಅಧಿಕಾರ ತಾನಾಗಿ ಇರುತ್ತದೆ. ಸ್ವತಂತ್ರ ಸಭೆಗಳ ಪಾಸ್ಟರ್‌ಗಳಿಗೆ ಸರ್ಕಾರದ ಲೈಸೆನ್ಸ್ ಬೇಕು. ಆ ಲೈಸೆನ್ಸ್ ಇರುವುದು ವ್ಯಕ್ತಿಯ ಹೆಸರಿನಲ್ಲಿ, ಸಭೆಯ ಹೆಸರಿನಲ್ಲಲ್ಲ. ಪಾಸ್ಟರ್ ಹೋದರೆ ಲೈಸೆನ್ಸೂ ಅವರ ಜೊತೆಗೇ ಹೋಯಿತು. ಹೊಸಬರಿಗೆ ಸಿಗುವವರೆಗೆ ಯಾವ ಮದುವೆಗಳು ಗೊತ್ತಾಗಿವೆ, ಯಾರು ನೋಟಿಸ್ ಕೊಟ್ಟಿದ್ದಾರೆ ಎಂದು ಪಟ್ಟಿ ಮಾಡಿ, ಆ ಕುಟುಂಬಗಳ ಮನೆಗೇ ಹೋಗಿ ಹೇಳಿ. ಕಾರ್ಡ್ ಅಚ್ಚಾದ ಮೇಲೆ ಗೊತ್ತಾಗುವುದು ಬೇಡ.

ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಕಮಿಟಿಯ ನಿರ್ಣಯದ ಪ್ರತಿ, ಹೊಸಬರ ಆಧಾರ್, ಪ್ಯಾನ್ ಬೇಕಾಗುತ್ತದೆ. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ವಿದೇಶಿ ದೇಣಿಗೆಯ ನೋಂದಣಿ ಇರುವ ಸಂಸ್ಥೆಯಾದರೆ, ಮುಖ್ಯ ಪದಾಧಿಕಾರಿಗಳು ಬದಲಾದದ್ದನ್ನು ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ತಿಳಿಸಲೇಬೇಕು. ಸಭೆಯ ಇಮೇಲ್, ಯೂಟ್ಯೂಬ್ ಚಾನೆಲ್, ಕಾಣಿಕೆಯ ಕ್ಯೂಆರ್ ಕೋಡ್ ಯಾರ ಫೋನ್ ನಂಬರಿಗೆ ಜೋಡಿಸಿದೆ ಎಂದೂ ನೋಡಿ. ಆರಾಧನೆಯನ್ನು ನೇರಪ್ರಸಾರ ಮಾಡುತ್ತಿದ್ದ ಹುಡುಗ ಬೇರೆ ಊರಿಗೆ ಹೋಗಿ ನಂಬರ್ ಬದಲಾಯಿಸಿದ ಮೇಲೆ ಚಾನೆಲ್ಲನ್ನೇ ಕಳೆದುಕೊಂಡ ಸಭೆ ನನಗೆ ಗೊತ್ತು. ವಾಟ್ಸ್ಆ್ಯಪ್ ಗುಂಪುಗಳಿಗೆ ಹೊಸ ಅಡ್ಮಿನ್ ಮಾಡಿ. ಹೋದವರನ್ನು ಆ ರಾತ್ರಿಯೇ ಹೇಳದೆ ಕೇಳದೆ ತೆಗೆದುಹಾಕಬೇಡಿ. ಅವರೇ ನಮಸ್ಕಾರ ಹೇಳಿ ಹೊರಡಲಿ.

ತಲೆಯಲ್ಲಿ ಮಾತ್ರ ಇರುವ ಪಟ್ಟಿ

ಕೀಲಿ ಕಳೆದರೆ ಬೀಗ ಒಡೆಯಬಹುದು. ಸೇವಕರ ತಲೆಯಲ್ಲಿ ಇರುವುದು ಹೋದರೆ ಹೋಯಿತು. ಹಾಸಿಗೆ ಹಿಡಿದ ಅಜ್ಜಿಯ ಮನೆ ಯಾವ ಓಣಿಯಲ್ಲಿದೆ, ಅವರಿಗೆ ಯಾವ ಕಿವಿ ಕೇಳಿಸುತ್ತದೆ, ಯಾರಿಗೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿಯೇ ಕೊಡಬೇಕು, ಯಾವ ಮನೆಗೆ ಸಂಜೆ ಆರರ ಮೇಲೆ ಹೋಗಬಾರದು, ಯಾವ ಹುಡುಗ ಅಪ್ಪ ಸತ್ತ ಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುತ್ತಾನೆ.

ಇದಕ್ಕೆ ಫಾರಂ ಮಾಡಬೇಡಿ. ಹೊಸಬರನ್ನೋ ಕಮಿಟಿಯ ಒಬ್ಬರನ್ನೋ ಜೊತೆಗೆ ಕರೆದುಕೊಂಡು ಎರಡು ಮೂರು ದಿನ ಮನೆ ಮನೆಗೆ ಹೋಗುವಂತೆ ಕೇಳಿಕೊಳ್ಳಿ. ನಮ್ಮ ಹಿಂದಿನ ಅಯ್ಯನವರು ಹಾಗೆ ಮಾಡಿದರು. ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು 17 ಮನೆ ಸುತ್ತಿದರು. ಪ್ರತಿ ಮನೆಯಲ್ಲೂ, "ಇನ್ನು ಮೇಲೆ ಏನಿದ್ದರೂ ಇವರಿಗೆ ಫೋನ್ ಮಾಡಿ" ಎಂದು ನನ್ನ ನಂಬರನ್ನು ಕ್ಯಾಲೆಂಡರ್ ಹಿಂದೆ ದಪ್ಪಕ್ಷರದಲ್ಲಿ ಬರೆದರು. ಹೊಸ ಅಯ್ಯನವರು ಬರಲು ಮೂರು ತಿಂಗಳಾಯಿತು. ಆ ಮೂರು ತಿಂಗಳಲ್ಲಿ ನಡುರಾತ್ರಿ ನನಗೆ ಎರಡು ಫೋನ್ ಬಂದವು. ಎರಡು ಸಲವೂ ನಾನು ಹೋಗಬೇಕಾದ ಮನೆ ನನಗೆ ಗೊತ್ತಿತ್ತು.

ಒಂದು ಗಡಿ ಮಾತ್ರ ಇರಲಿ. ಪಾಪನಿವೇದನೆಯಲ್ಲೋ ಆಪ್ತಸಮಾಲೋಚನೆಯಲ್ಲೋ ಕೇಳಿದ್ದನ್ನು ಯಾರಿಗೂ ದಾಟಿಸುವಂತಿಲ್ಲ. ನೀವೂ ಕೇಳಬೇಡಿ.

ಕೊನೆಯ ಮಾತುಕತೆ

ಲೆಕ್ಕ ಮುಗಿದ ಮೇಲೆ, ಅಂದರೆ ಹಣ ಅವರ ಕೈ ಸೇರಿದ ಮೇಲೆ, ಕಮಿಟಿಯ ಇಬ್ಬರು ಅವರ ಜೊತೆ ಒಂದು ಗಂಟೆ ಕೂರಬೇಕು. ಹಣ ಬರುವ ಮೊದಲು ಕೂತರೆ ಅವರು ಮನಸ್ಸು ಬಿಚ್ಚುವುದಿಲ್ಲ. ಯಾವ ಕೆಲಸ ಖುಷಿ ಕೊಟ್ಟಿತು, ಎಲ್ಲಿ ಒಂಟಿ ಅನಿಸಿತು, ಯಾವ ಮಾತು ನೋಯಿಸಿತು, ಮುಂದಿನವರಿಗೆ ಏನು ಬದಲಾಗಬೇಕು ಎಂದು ಕೇಳಿ. ಉತ್ತರ ಕೊಡಲು ಹೋಗಬೇಡಿ. ಬರೆದುಕೊಳ್ಳಿ. ಅವರ ಹೆಂಡತಿಗೋ ಗಂಡನಿಗೋ ಹೇಳುವುದಿದ್ದರೆ ಅದನ್ನೂ ಕೇಳಿ. ಅಮ್ಮನವರು ಸಂಬಳವಿಲ್ಲದೆ ಮಾಡಿದ ಕೆಲಸ ಅಯ್ಯನವರ ಕೆಲಸಕ್ಕಿಂತ ಕಡಿಮೆ ಇರುವುದಿಲ್ಲ.

ಮೊದಲ ಕಾಲದ ಸುವಾರ್ತಾ ಸೇವಕರಾದ ಪೌಲ ಮತ್ತು ಬಾರ್ನಬರ ನಡುವೆ, ಹಿಂದೊಮ್ಮೆ ಅರ್ಧದಲ್ಲೇ ಬಿಟ್ಟುಹೋಗಿದ್ದ ಮಾರ್ಕನ ವಿಷಯಕ್ಕೆ ಎಷ್ಟು ಜೋರು ಜಗಳವಾಯಿತೆಂದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು ಎಂದು ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಅದೇ ಪೌಲ ಕೊನೆಗಾಲದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತ ಎಂದು ತಿಮೊಥೆಯನಿಗೆ ಬರೆಯುತ್ತಾನೆ. ನಡುವೆ ಎಷ್ಟೋ ವರ್ಷ ಕಳೆದಿತ್ತು. ಆದ್ದರಿಂದ ಕೋಪದಲ್ಲಿ ಹೋಗುವವರ ಜೊತೆಗೂ ಇದೇ ಒಂದು ಗಂಟೆ ಕೂರಿ.

ತಪ್ಪು ನಡೆದು ಹೋಗಬೇಕಾದಾಗ

ಹಣದ ದುರುಪಯೋಗ ಕಂಡುಬಂದರೆ ಮೊದಲು ಲೆಕ್ಕ ಪರಿಶೀಲನೆ ಮಾಡಿಸಿ, ಅವರಿಗೆ ಉತ್ತರ ಹೇಳಲು ಅವಕಾಶ ಕೊಟ್ಟು, ಆಮೇಲೆ ತೀರ್ಮಾನಿಸಿ. ಸಭೆಗೆ ಹೇಳುವಾಗ ಸುಳ್ಳು ಕಾರಣ ಕಟ್ಟಬೇಡಿ. "ಶಿಸ್ತಿನ ಕಾರಣಕ್ಕಾಗಿ ಕೆಲಸದಿಂದ ಬಿಡಿಸಲಾಗಿದೆ. ವಿವರ ಕಮಿಟಿಯ ಬಳಿ ಇದೆ" ಎಂದರೆ ಸಾಕು. ಅವರ ಹೆಂಡತಿ ಮಕ್ಕಳು ಮುಂದಿನ ಭಾನುವಾರವೂ ಅದೇ ಬೆಂಚಿನಲ್ಲಿ ಕೂರಬೇಕಾಗಬಹುದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಮಾತು ಬಂದರೆ ಇದು ಯಾವುದೂ ಅನ್ವಯಿಸುವುದಿಲ್ಲ. ಆಗ ಕಮಿಟಿ ಮೀಟಿಂಗ್ ಕರೆಯುವುದಲ್ಲ, ಪೊಲೀಸರಿಗೆ ತಿಳಿಸುವುದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ತಿಳಿಸದೇ ಇದ್ದರೆ 21ನೇ ಸೆಕ್ಷನ್ ಪ್ರಕಾರ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098. "ಸಭೆಯ ಹೆಸರು ಕೆಡುತ್ತದೆ, ಸುಮ್ನೆ ರಾಜೀನಾಮೆ ಬರೆಸಿಕೊಂಡು ಕಳಿಸಿಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ವ್ಯಕ್ತಿ ಇನ್ನೊಂದು ಊರಿನ ಸಂಡೇ ಸ್ಕೂಲಿಗೆ ಹೋಗುತ್ತಾನೆ. ಅವನ ಕೈಯಲ್ಲಿ ನೀವು ಕೊಟ್ಟ ಒಳ್ಳೆಯ ನಡತೆಯ ಪತ್ರ ಇರುತ್ತದೆ.

ಈಗ ಶಾಲು

ಇಷ್ಟಾದ ಮೇಲೆ ಬೀಳ್ಕೊಡುಗೆ. ಮಿಲೇತದಲ್ಲಿ ಎಫೆಸದ ಹಿರಿಯರು ಪೌಲನನ್ನು ಕಳಿಸಿಕೊಟ್ಟದ್ದನ್ನು ಓದಿ, ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದ ಕೊನೆ. ಮೊಣಕಾಲೂರಿ ಪ್ರಾರ್ಥಿಸಿದರು, ಅತ್ತರು, ಕೊರಳನ್ನು ತಬ್ಬಿಕೊಂಡರು, ಹಡಗಿನವರೆಗೂ ಹೋಗಿ ಕಳಿಸಿದರು. ಅಲ್ಲಿ ಹನ್ನೆರಡು ಜನರ ಭಾಷಣ ಇರಲಿಲ್ಲ.

ಮೂವರು ಮಾತಾಡಲಿ, ಒಬ್ಬೊಬ್ಬರಿಗೆ ಮೂರು ನಿಮಿಷ. ಒಂದು ಮಗು, ಒಬ್ಬ ಹಿರಿಯರು, ಜೊತೆಯಲ್ಲಿ ಕೆಲಸ ಮಾಡಿದ ಒಬ್ಬರು. ಕುಟುಂಬದ ಎಲ್ಲರ ಹೆಸರನ್ನೂ ಹೇಳಿ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ. ಕಾಣಿಕೆ ಎತ್ತುವುದಾದರೆ ಕವರಿನಲ್ಲಿ ಕೊಡಿ, ಮೊತ್ತವನ್ನು ಮೈಕಿನಲ್ಲಿ ಓದಬೇಡಿ. ಊಟ ಹಾಕಿ. ಹೊರಡುವವರಿಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಬಲವಂತ ಬೇಡ. ಅಯ್ಯನವರಿಗೆ ಮಾಡಿದಷ್ಟೇ ಮರ್ಯಾದೆ ಕಾವಲಿನವರಿಗೂ ಮಾಡಿ.

ಹೋದ ಮೇಲೆ

ಖಾಲಿಯಾದ ಕೆಲಸವನ್ನೆಲ್ಲ ಒಬ್ಬ ಉತ್ಸಾಹಿಯ ಹೆಗಲಿಗೆ ಹಾಕಬೇಡಿ. ಮೂರು ತಿಂಗಳಲ್ಲಿ ಅವರೂ ಬಿಟ್ಟುಹೋಗುತ್ತಾರೆ. ಕೆಲವು ಕೂಟಗಳನ್ನು ಸ್ವಲ್ಪ ಕಾಲ ನಿಲ್ಲಿಸಿದರೂ ತೊಂದರೆ ಇಲ್ಲ.

ಹಳೆಯ ಅಯ್ಯನವರನ್ನೇ ಮದುವೆಗೆ ಕರೆಯಬೇಕು ಎಂದು ಕುಟುಂಬಗಳು ಕೇಳುತ್ತವೆ. ಸಹಜ. ಆದರೆ ಕರೆಯುವುದು ಈಗಿನ ಅಯ್ಯನವರೇ ಆಗಿರಲಿ. ಇದನ್ನು ಹೊರಡುವ ಮೊದಲೇ ಹಳಬರ ಜೊತೆ ಮಾತಾಡಿಕೊಂಡಿದ್ದರೆ ಯಾರಿಗೂ ಮುಜುಗರ ಇಲ್ಲ. ಹೋದವರು ಹತ್ತಿರದಲ್ಲೇ ಬೇರೆ ಸಭೆ ಶುರು ಮಾಡಿದರೆ ಕೆಲವು ಮನೆಯವರು ಅಲ್ಲಿಗೆ ಹೋಗಬಹುದು. ಆ ಮನೆಗಳಿಗೆ ಹೋಗುವುದನ್ನು ನಿಲ್ಲಿಸಬೇಡಿ. ಅವರ ಅಪ್ಪ ಅಮ್ಮನ ಸಮಾಧಿ ನಿಮ್ಮ ಅಂಗಳದಲ್ಲೇ ಇದೆ.

ಮೊದಲ ತಿಂಗಳು ಮುಗಿದಾಗ ಹೋದವರಿಗೆ ಒಂದು ಫೋನ್ ಮಾಡಿ. ಹೊಸ ಊರಲ್ಲಿ ಮಕ್ಕಳಿಗೆ ಶಾಲೆ ಸಿಕ್ಕಿತಾ, ನೀರು ಬರುತ್ತಾ ಎಂದು ಕೇಳಿ. ಕಳೆದುಹೋದ ಕೀಲಿಯ ವಿಚಾರಕ್ಕೆ ಅಲ್ಲ.

ನಮ್ಮ ವೆಸ್ಟ್ರಿಯಲ್ಲಿ ಸೇವೆ ಸಲ್ಲಿಸಿದ ಸಭಾಪಾಲಕರ ಹೆಸರು, ಇಸವಿ ಬರೆದ ಮರದ ಹಲಗೆ ಇದೆ. ಬಹಳ ಚರ್ಚುಗಳಲ್ಲಿ ಇರುತ್ತದೆ. ಗಂಟೆ ತಾತನ ಲೆಕ್ಕ ಮುಗಿದ ವರ್ಷ ಅದರ ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಿದೆವು, ಉಳಿದ ಸೇವಕರಿಗಾಗಿ. ಪೇಂಟರ್ "ಎಲ್ಲಿಂದ ಎಲ್ಲಿವರೆಗೆ ಬರೀಲಿ?" ಎಂದು ಕೇಳಿದಾಗ ಮೀಟಿಂಗ್ ಪುಸ್ತಕದ ಆ ಪುಟ ತೆಗೆದು ತೋರಿಸಿದೆ. ಮೊದಲ ಸಾಲಿನಲ್ಲಿ ಅವರ ಹೆಸರಿದೆ, ಮುಂದೆ 1994–2016.